ಬೆಕ್ಕು ಅತಿಯಾಗಿ ನೆಕ್ತದಾ? ದನದ ಔಷಧ ಹಚ್ಚಬೇಡ್ರಿ
ಬೆಕ್ಕು ಮೈ ನೆಕ್ಕೋದು ಸಹಜ. ಆದರೆ ಕೂದಲು ಹೋಗಿ ಚರ್ಮ ಕಂಡ್ರೆ ಹೆಚ್ಚಾಗಿ ತುರಿಕೆಯೋ ನೋವೋ ಇರ್ತದ.

ಮೊದಲು ಚಿಗಟ ನೋಡ್ರಿ. ಹೇನಿನ ಬಾಚಣಿಗೆಯಿಂದ ಬಾಚಿ, ಬಂದ ಕರಿ ಪುಡಿ ಒದ್ದೆ ಬಿಳಿ ಬಟ್ಟೆ ಮೇಲೆ ಹಾಕ್ರಿ. ಕೆಂಪಾದ್ರೆ ಅದು ಚಿಗಟದ ಹಿಕ್ಕೆ. ಬಣ್ಣ ಬೆಕ್ಕಿನ ರಕ್ತದ್ದು. ಚಿಗಟ ಅಲ್ಲದಿದ್ರೆ ಆಹಾರದ ಅಲರ್ಜಿ, ಮೂತ್ರಕೋಶದ ನೋವು ಇರಬಹುದು. ಒತ್ತಡ ಅನ್ನೋದು ಕೊನೆಗೆ.

ನಾನು ಒತ್ತಿ ಹೇಳೋದು ಇಷ್ಟೇ: ಕೊಟ್ಟಿಗೆಯ ಉಣ್ಣೆ ಔಷಧ, ನಾಯಿಯ ಪರ್ಮೆಥ್ರಿನ್ ಹನಿ ಹಚ್ಚಬೇಡ್ರಿ. ಬೆಕ್ಕಿನ ಲಿವರ್ ಅದನ್ನು ಬೇಗ ಕರಗಿಸಲ್ಲ, ನೆಕ್ಕಿದ್ದು ಹೊಟ್ಟೆಗೂ ಹೋಗ್ತದ. ನಡುಕ, ಫಿಟ್ಸ್ ಬಂದು ಸಾಯಬಹುದು.

ಬೀದರ್‌ನ ನಂದಿನಗರದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದ; ಭಾಲ್ಕಿ, ಔರಾದ್‌ನವರು ಸರ್ಕಾರಿ ಪಶು ಆಸ್ಪತ್ರೆಗೆ ಹೋಗ್ರಿ. ಮೊಬೈಲ್‌ನಲ್ಲಿ ವಾರದ ಫೋಟೋ ಇರಲಿ.