ಭಾಷೆ ಬಾರದ ಪ್ರೇಮಗೀತೆ

ಯಳಂದೂರು, ಕೊಳ್ಳೇಗಾಲದ ಕಡೆಯ ಮನೆಗಳಲ್ಲಿ ಒಂದು ಕಾಲಕ್ಕೆ ರೇಡಿಯೋ ಹಾಡುತ್ತಿದ್ದುದು ಕನ್ನಡವನ್ನಷ್ಟೇ ಅಲ್ಲ. ಸಿಲೋನ್ ಕೇಂದ್ರದಿಂದ, ವಿವಿಧ ಭಾರತಿಯಿಂದ ಹಿಂದಿ ಗೀತೆಗಳು ತೇಲಿ ಬರುತ್ತಿದ್ದವು. ತಮಿಳು ಹಾಡಂತೂ ನೆರೆಮನೆಯ ನಂಟು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ರಾಜ್ಯದಲ್ಲಿತ್ತು. ಹಿಂದಿಯ ಒಂದು ವಾಕ್ಯ ಬಾರದವರೂ ಒಗ್ಗರಣೆ ಹಾಕುತ್ತ ಹಿಂದಿ ಹಾಡು ಗುನುಗಿದ್ದುಂಟು.

ಈಗ ಅಂಥದೇ ಮನೆಗಳಲ್ಲಿ ಕಾಲೇಜು ಓದುವ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊರಿಯಾದ್ದೋ, ಸ್ಪೇನಿನದ್ದೋ, ಫ್ರಾನ್ಸಿನದ್ದೋ ಹಾಡು ಕೇಳುತ್ತಾರೆ. “ಅರ್ಥವಾಗದ್ದನ್ನು ಕೇಳಿ ಏನು ಬಂತು? ಅದೂ ಪ್ರೇಮಗೀತೆಯಂತೆ!” ಎಂದು ಹೆತ್ತವರು ಸಿಡುಕುತ್ತಾರೆ. ಸಿಡುಕಿನ ಹಿಂದೆ ಇರುವುದು ಭಯ: ಹಾಡು ಕೇಳಿ ಮಗಳ ಮನಸ್ಸು ಓದಿನಿಂದ ಜಾರಿದರೆ? ಈ ಭಯಕ್ಕೆ ಆಧಾರವಿದೆಯೇ ಎಂದು ತಿಳಿಯಲು ಒಂದು ಫ್ರೆಂಚ್ ಪ್ರೇಮಗೀತೆಗಳ ತಟ್ಟೆಯನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ ನೋಡಬಹುದು.

ಗಿಟಾರ್ ಪಡೆದ ಹುಡುಗಿ

ಫ್ರಾನ್ಸ್ವಾಜ್ ಆರ್ದಿ ಹುಟ್ಟಿದ್ದು 1944ರ ಜನವರಿ 17ರಂದು, ಪ್ಯಾರಿಸ್‌ನಲ್ಲಿ. ತಂದೆ ಜೊತೆಗಿರಲಿಲ್ಲ. ಲೆಕ್ಕಪತ್ರದ ಕೆಲಸ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು ತಾಯಿ. ಹುಡುಗಿಗೆ ಸಂಕೋಚ ಹೆಚ್ಚು, ಮಾತು ಕಡಿಮೆ. ರೇಡಿಯೋ ಲಕ್ಸೆಂಬರ್ಗ್‌ನಲ್ಲಿ ಬರುತ್ತಿದ್ದ ಇಂಗ್ಲಿಷ್ ಹಾಡುಗಳೆಂದರೆ ಆಕೆಗೆ ಪ್ರಾಣ. ಅಂದರೆ ಆಕೆಯೂ ತನ್ನದಲ್ಲದ ಭಾಷೆಯ ಹಾಡು ಕೇಳಿಯೇ ಬೆಳೆದವಳು!

ಶಾಲಾಂತ್ಯದ ‘ಬಕಲೊರಿಯಾ’ ಪರೀಕ್ಷೆಯನ್ನು ನಮ್ಮ ಪಿ.ಯು.ಸಿ.ಗೆ ಹೋಲಿಸಬಹುದು. ಹದಿನಾರರ ಹರೆಯದಲ್ಲಿ ಅದನ್ನು ಪಾಸು ಮಾಡಿದ್ದಕ್ಕೆ ಆಕೆ ಉಡುಗೊರೆಯಾಗಿ ಪಡೆದದ್ದು ಒಂದು ಗಿಟಾರ್. ಕಲಿತ ಕೆಲವೇ ಪಟ್ಟುಗಳಲ್ಲಿ ಸ್ವಂತ ಹಾಡು ಕಟ್ಟತೊಡಗಿದಳು. ವಿದ್ಯಾರ್ಥಿನಿಯಾಗಿದ್ದಾಗಲೇ, ಹೊಸ ಗಾಯಕರು ಬೇಕೆಂಬ ಪತ್ರಿಕಾ ಜಾಹೀರಾತು ನೋಡಿ ಧ್ವನಿಪರೀಕ್ಷೆಗೆ ಹೋದಳು. 1961ರಲ್ಲಿ ‘ವೋಗ್’ ಧ್ವನಿಮುದ್ರಣ ಸಂಸ್ಥೆ ಒಪ್ಪಂದ ಮಾಡಿಕೊಂಡಿತು.

1962ರ ಅಕ್ಟೋಬರ್ 28ರ ರಾತ್ರಿ ಫ್ರಾನ್ಸ್ ದೇಶವೇ ಟೆಲಿವಿಷನ್ ಮುಂದೆ ಕೂತಿತ್ತು. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬ ಜನಮತಗಣನೆಯ ಫಲಿತಾಂಶ ಬರುತ್ತಿತ್ತು. ಅದರ ನಡುವಿನ ಬಿಡುವಿನಲ್ಲಿ ಹದಿನೆಂಟರ ಈ ಹುಡುಗಿ ‘ತು ಲೆ ಗಾರ್ಸೋಂ ಎ ಲೆ ಫೀಯ್’ ಹಾಡಿದಳು. ‘ಎಲ್ಲ ಹುಡುಗರು, ಹುಡುಗಿಯರು’ ಎಂದು ಇದರ ಅರ್ಥ. ಹಾಡು ಮನೆಮಾತಾಯಿತು. ಆ ವರ್ಷದ ಕೊನೆಗೆ ಬಂದ ಆಕೆಯ ಮೊದಲ ಎಲ್.ಪಿ. ತಟ್ಟೆಯಲ್ಲಿದ್ದ ಹನ್ನೆರಡು ಹಾಡುಗಳಲ್ಲಿ ಹತ್ತು ಆಕೆಯವೇ. ಆಗ ಅಲ್ಲಿನ ಯುವಗಾಯಕಿಯರಲ್ಲಿ ಹೆಚ್ಚಿನವರು ಬೇರೆಯವರು ಬರೆದದ್ದನ್ನು ಹಾಡುತ್ತಿದ್ದರು.

ಕಿವಿಯೇ ಮೊದಲ ನಿಘಂಟು

ಈ ತಟ್ಟೆಯನ್ನು ಕೇಳುವುದು ಹೇಗೆ? ಮೊದಲ ಸಲ ಅರ್ಥದ ಗೊಡವೆಗೇ ಹೋಗಬಾರದು. ದನಿಯನ್ನಷ್ಟೇ ಗಮನಿಸಬೇಕು. ಆರ್ದಿ ದನಿ ಏರಿಸಿ ಕೂಗುವುದಿಲ್ಲ, ಗಮಕದ ಪ್ರದರ್ಶನವಿಲ್ಲ. ಕಿಟಕಿಯ ಬಳಿ ಕೂತು ತನಗೆ ತಾನೇ ಹೇಳಿಕೊಂಡಂತಿದೆ.

ಎರಡನೆಯ ಸಲ ಲಯ ಹಿಡಿಯಬೇಕು. ಶೀರ್ಷಿಕೆಯ ಹಾಡಿನಲ್ಲಿ ಪೆಟ್ಟುಗಳು ಮೂರು ಮೂರಾಗಿ, ನಿಧಾನವಾಗಿ ಬೀಳುತ್ತವೆ. ತೊಡೆಯ ಮೇಲೆ ಬೆರಳು ತಟ್ಟಿದರೆ ಸಾಕು, ಜೋಗುಳದ ತೂಗಾಟ ಸಿಗುತ್ತದೆ. ಅದೇ ತಟ್ಟೆಯ ‘ಲ ತಾಂ ದ ಲಮೂರ್’, ಅಂದರೆ ‘ಪ್ರೇಮದ ಕಾಲ’, ಇದಕ್ಕೆ ತದ್ವಿರುದ್ಧ: ಎಲೆಕ್ಟ್ರಿಕ್ ಗಿಟಾರಿನ ಚುರುಕು ನಡಿಗೆ. ಇದರ ಮಟ್ಟು ಹಾಕಿದ ಜಾಕ್ ದ್ಯುತ್ರೋಂ 1981ರಲ್ಲಿ ಆಕೆಯ ಪತಿಯಾದರು.

ಮೂರನೆಯ ಸಲ ಪದಗಳ ಸದ್ದು. ಮೂಗಿನಲ್ಲಿ ಅರ್ಧ ನಿಂತುಬಿಡುವ ಸ್ವರಗಳು, ಬರೆದರೂ ಉಚ್ಚರಿಸದ ಕೊನೆಯ ಅಕ್ಷರಗಳು; ಇವು ಫ್ರೆಂಚ್ ಕಲಿಯುವವರನ್ನು ಕಾಡುತ್ತವೆ. ಸ್ಪಷ್ಟವಾಗಿ, ನಿಧಾನವಾಗಿ ಹಾಡುವ ಗಾಯಕಿ ಅವನ್ನು ಪಠ್ಯಪುಸ್ತಕಕ್ಕಿಂತ ಸುಲಭವಾಗಿ ಕಿವಿಗೆ ಹತ್ತಿಸುತ್ತಾಳೆ.

ಇಷ್ಟಾದ ಮೇಲೆ ಅರ್ಥ ಹುಡುಕಿದರೆ ಒಂದು ಅಚ್ಚರಿ ಕಾದಿದೆ. ಪ್ರೇಮಗೀತೆ ಎಂದುಕೊಂಡ ಶೀರ್ಷಿಕೆಯ ಹಾಡಿನಲ್ಲಿ ಪ್ರೇಮಿಯೇ ಇಲ್ಲ! ತನ್ನ ವಯಸ್ಸಿನವರೆಲ್ಲ ಜೋಡಿಯಾಗಿ ಬೀದಿಯಲ್ಲಿ ನಡೆಯುವಾಗ ಒಬ್ಬಳು ಹುಡುಗಿ ಒಂಟಿಯಾಗಿ ಹೋಗುತ್ತಿದ್ದಾಳೆ. ತನ್ನನ್ನು ಬಯಸುವವರು ಯಾರೂ ಇಲ್ಲವೆಂಬ ನೋವು, ಎಂದಾದರೂ ಆ ದಿನ ಬಂದೀತೆಂಬ ಆಸೆ. ಇಷ್ಟೇ ಅದರ ಹೂರಣ. ಹದಿಹರೆಯದ ಮಕ್ಕಳು ಇದನ್ನು ಮತ್ತೆ ಮತ್ತೆ ಕೇಳಿದರೆ ಪ್ರೇಮದಲ್ಲಿ ಬಿದ್ದಿದ್ದಾರೆಂದೇ ಅರ್ಥವಲ್ಲ. ತರಗತಿಯ ಗುಂಪಿನಲ್ಲಿ ತಾವು ಒಂಟಿ ಎಂದು ಅನ್ನಿಸಿದ್ದನ್ನು ಮನೆಯಲ್ಲಿ ಹೇಳಲಾಗದೆ, ಹಾಡಿನಲ್ಲಿ ಹುಡುಕಿಕೊಳ್ಳುತ್ತಿರಲೂಬಹುದು.

ನಮ್ಮ ಮಲ್ಲಿಗೆಯ ಘಮ

ಹೊರಗಿನದನ್ನು ಮೆಚ್ಚಿದರೆ ನಮ್ಮದು ಮರೆತುಹೋಗುತ್ತದೆ ಎನ್ನುವವರಿದ್ದಾರೆ. ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಆಗುವುದು ಇದರ ತಿರುವುಮುರುವು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ, ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಪ್ರೇಮಗೀತೆಯ ಮಾತು ಬಂದರೆ ನೆನಪಾಗುವುದು ಕೆ.ಎಸ್. ನರಸಿಂಹಸ್ವಾಮಿಯವರ 1942ರ ಸಂಕಲನ ‘ಮೈಸೂರು ಮಲ್ಲಿಗೆ’. ಅದನ್ನು ಆಧರಿಸಿ ಟಿ.ಎಸ್. ನಾಗಾಭರಣ ತೆಗೆದ ಚಿತ್ರಕ್ಕೆ ಸಿ. ಅಶ್ವತ್ಥ್ ಸಂಗೀತ ನೀಡಿದರು. ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು.

ಈ ಹಾಡುಗಳಲ್ಲಿ ಪ್ರೇಮ ಒಬ್ಬಂಟಿಯಲ್ಲ. ಮಾವನ ಮನೆಯಿದೆ, ತೌರಿಗೆ ಹೋದ ಹೆಂಡತಿಯಿದ್ದಾಳೆ, ಬಳೆಗಾರನಿದ್ದಾನೆ. ಪ್ಯಾರಿಸ್ಸಿನ ಹುಡುಗಿಯ ಒಂಟಿ ಬೀದಿಯನ್ನು ಕಂಡು ಬಂದ ಕಿವಿಗೆ ಈ ತುಂಬಿದ ಮನೆಯ ಬೆಲೆ ಹೊಸದಾಗಿ ತಿಳಿಯುತ್ತದೆ. ಹಾಗೆಯೇ, ತುಂಬಿದ ಮನೆಯಲ್ಲೂ ಒಬ್ಬರು ಒಂಟಿಯಾಗಿರಬಹುದೆಂಬುದನ್ನು ಆರ್ದಿ ನೆನಪಿಸುತ್ತಾಳೆ.

ಯಳಂದೂರಿಗಂತೂ ಹೆಣ್ಣಿನ ದನಿಗೆ ಕಿವಿಗೊಡುವುದು ಹೊಸದಲ್ಲ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಸಂಚಿ ಹೊನ್ನಮ್ಮ ಈ ಊರಿನವಳು. ಆಕೆಯ ‘ಹದಿಬದೆಯ ಧರ್ಮ’ ಇರುವುದು ಹಾಡಲು ಒದಗುವ ಸಾಂಗತ್ಯದಲ್ಲಿ. ಗೃಹಿಣಿಯ ಕರ್ತವ್ಯ ಹೇಳುವ ಆ ಕಾವ್ಯದಲ್ಲೇ ಹೆಣ್ಣನ್ನು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸಿದ್ದಾಳೆ. ಎದುರು ಕೂತು ಹೇಳಲಾಗದ್ದನ್ನು ಹಾಡಿನಲ್ಲಿ ಹೇಳಬಹುದೆಂಬುದು ಪ್ಯಾರಿಸ್ಸಿಗಿಂತ ಮುನ್ನವೇ ಈ ಊರಿಗೆ ಗೊತ್ತಿತ್ತು.

ಜೊತೆಗೆ ಕೂತು ಕೇಳಿ

ಹಾಡೇ ಎಲ್ಲವೂ ಆಗಿ ಪುಸ್ತಕ ಮೂಲೆಗೆ ಬಿದ್ದರೆ ತಿದ್ದಬೇಕಾದದ್ದು ಹೆತ್ತವರ ಕರ್ತವ್ಯ. ಓದುವ ಹೊತ್ತು ಓದಿಗೇ ಇರಲಿ. ಆದರೆ ಸಂಜೆಯ ಅರ್ಧ ಗಂಟೆ ಇಯರ್‌ಫೋನ್ ತೆಗೆದಿಟ್ಟು, ಹಾಡು ಮನೆಯವರಿಗೆಲ್ಲ ಕೇಳುವಂತೆ ಹಾಕಿದರೆ ನಷ್ಟವೇನಿಲ್ಲ. ಮಗ ಫ್ರೆಂಚ್ ಹಾಡಿನ ಅರ್ಥ ಹೇಳಲಿ. ತಾಯಿ ತಾನು ರೇಡಿಯೋದಲ್ಲಿ ಕೇಳಿದ ಹಾಡಿನ ನೆನಪು ಹೇಳಲಿ.

ಆರ್ದಿ 2024ರ ಜೂನ್ 11ರಂದು ತೀರಿಕೊಂಡರು. ಹದಿನೆಂಟರಲ್ಲಿ ಆಕೆ ಹಾಡಿದ ಒಂಟಿತನ ಅರುವತ್ತು ವರ್ಷ ದಾಟಿಯೂ ಹೊಸ ಕಿವಿಗಳನ್ನು ಹುಡುಕಿಕೊಂಡು ಬರುತ್ತಿದೆ. ಅದು ಮನೆಯೊಳಗಿನ ಮಗುವಿನದೂ ಆಗಿದ್ದರೆ, “ಅದೇನು ಅರಚಾಟ, ನಿಲ್ಲಿಸು” ಎನ್ನುವುದಕ್ಕಿಂತ, “ಮಗಾ, ಏನು ಕೇಳ್ತಿದ್ದೀಯ? ನಂಗೂ ಒಂದಿಷ್ಟು ಕೇಳ್ಸು” ಎನ್ನುವ ಮಾತು ಹೆಚ್ಚು ಕೆಲಸ ಮಾಡೀತು.