ಅಂಬಾಜಿದುರ್ಗದ ಬಂಡೆ ಮೇಲೆ ಸಾಹುಕಾರರ ಆಟದ ಕಾರು!

ಭಾನುವಾರ ಬೆಳಗ್ಗೆ ಆರೂವರೆ ಗಂಟೆ. ಅಂಬಾಜಿದುರ್ಗದ ಬುಡದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ಹುಡುಗನಿಗೆ ಬಂಡೆಯ ಮರೆಯಿಂದ ಒಂದು ಜೀಪು ಬರುವುದು ಕಾಣಿಸಿತು. ಜೀಪು ಅಂದರೆ ಎಂಥ ಜೀಪು? ಉದ್ದ ಒಂದು ಮೊಳ, ಎತ್ತರ ಮೊಣಕಾಲಿಗಿಂತ ಕೆಳಗೆ. ಒಳಗೆ ಡ್ರೈವರ್ ಇಲ್ಲ. ಮುಂದಿನ ಎರಡು ಚಕ್ರ ಬಂಡೆಗೆ ಇಟ್ಟು, ಉಡದ ಹಾಗೆ ಕಚ್ಚಿಕೊಂಡು, ಗುರ್ರ್ ಗುರ್ರ್ ಅನ್ನುತ್ತಾ ಮೇಲೇರಿತು. ಅದರ ಹಿಂದೆ ನಾಲ್ಕು ಮಾರು ದೂರದಲ್ಲಿ ಪಂಚೆ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಕರೀ ಡಬ್ಬಿ ಹಿಡಿದು, ಉಸಿರು ಬಿಗಿಹಿಡಿದು ಬರುತ್ತಿದ್ದವರು ಐವತ್ತು ದಾಟಿದ ಒಬ್ಬ ದೊಡ್ಡ ಮನುಷ್ಯರು.

ಚಿಂತಾಮಣಿ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವವರು. ಹೆಸರು ಹಾಕಬೇಡಿ ಅಂದಿದ್ದಾರೆ. "ಹೆಸರು ಬಂದ್ರೆ ಗಿರಾಕಿಗಳು ಬೇಳೆ ರೇಟು ಕೇಳೋದ್ ಬಿಟ್ಟು ಕಾರ್ ರೇಟು ಕೇಳ್ತಾರೆ" ಅನ್ನುವುದು ಅವರ ವಾದ. ವ್ಯಾಪಾರಸ್ಥರ ಕಷ್ಟ ವ್ಯಾಪಾರಸ್ಥರಿಗೇ ಗೊತ್ತು. ಆದ್ದರಿಂದ ಇಲ್ಲಿ ಅವರು ಬರೀ ಸಾಹುಕಾರರು.

ಹತ್ತು ದಿನದ ಭಾಗ್ಯ

ಕತೆ ಶುರುವಾಗುವುದು 1986ರ ದಸರಾ ರಜದಲ್ಲಿ. ಸಾಹುಕಾರರಿಗೆ ಆಗ ಹನ್ನೊಂದು ವರ್ಷ. ಕುವೈತಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಊರಿಗೆ ಬಂದರು. ಟ್ರಂಕಿನಲ್ಲಿ ಸೀರೆ, ಸೆಂಟು, ಟೇಪ್ ರೆಕಾರ್ಡರ್. ಅದರಡಿ ಒಂದು ಕೆಂಪು ಕಾರು, ಜಪಾನ್ ಮಾಲು. ಕಾರಿಗೆ ನಾಲ್ಕು ದಪ್ಪ ಶೆಲ್ಲು, ಕೈಲಿ ಹಿಡಿಯುವ ಡಬ್ಬಿಗೆ ಒಂದು ಚೌಕ ಶೆಲ್ಲು. ಡಬ್ಬಿಯಿಂದ ಮೊಳದುದ್ದ ಆಂಟೆನಾ.

ಬೀದಿ ಮಕ್ಕಳ ಪಾಲಿಗೆ ಅದು ಪುಷ್ಪಕ ವಿಮಾನ. ಅಂದಿನ ಹುಡುಗರು ಆಡುತ್ತಿದ್ದುದು ಹಳೇ ಹವಾಯಿ ಚಪ್ಪಲಿ ದುಂಡಗೆ ಕತ್ತರಿಸಿ, ತಂತಿಗೆ ಸಿಕ್ಕಿಸಿ, ಕೋಲಿನಿಂದ ತಳ್ಳುವ ಗಾಡಿ. ವಿದೇಶಿ ಆಟದ ಸಾಮಾನು ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಕಾಲವೂ ಅದಲ್ಲ. ಇಂಥ ಮಾಲಿನ ಆಮದಿಗೆ ಸರ್ಕಾರ ಹಾಕಿದ್ದ ಕಟ್ಟು ಪೂರ್ತಿ ಸಡಿಲವಾಗಿದ್ದು 2001ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ರಿಮೋಟ್ ಕಾರು ಅಂದರೆ ಗಲ್ಫ್ ಮಾವನ ಟ್ರಂಕು, ಇಲ್ಲವೇ ಮದರಾಸಿನ ಬರ್ಮಾ ಬಜಾರು.

ಹತ್ತು ದಿನ ಕಾರು ಓಡಿತು. ಎರಡು ಸಲ ಶೆಲ್ಲು ಬದಲಾಯಿತು. ಹನ್ನೊಂದನೇ ದಿನ ಮೋರಿಗೆ ಬಿತ್ತು. ಅಪ್ಪ ತೆಗೆದು ತೊಳೆದು ಒರೆಸಿ, ಗಾಜಿನ ಷೋಕೇಸಿನಲ್ಲಿಟ್ಟು ಬೀಗ ಹಾಕಿದರು. "ಎಸ್ಸೆಸ್ಸೆಲ್ಸಿ ಪಾಸ್ ಮಾಡು, ಆಮೇಲೆ ಕಾರು ಹೊಡಿ" ಅಂದರು.

ಹುಡುಗ ಎಸ್ಸೆಸ್ಸೆಲ್ಸಿ ಪಾಸು ಮಾಡಿದ. ಅದೇ ವರ್ಷ ಅಪ್ಪನಿಗೆ ಸೊಂಟ ಹಿಡಿಯಿತು, ಮಗ ಗಲ್ಲಾಪೆಟ್ಟಿಗೆ ಮುಂದೆ ಕೂತ. ಕಾರು ಷೋಕೇಸಿನಲ್ಲೇ ಉಳಿಯಿತು. ಬಂದ ನೆಂಟರೆಲ್ಲ "ಫಾರಿನ್‌ದಾ?" ಅಂತ ಕೇಳಿದರು. ಯಾರೂ ಓಡಿಸಲಿಲ್ಲ. ಇಂಥ ಷೋಕೇಸು ಇಲ್ಲದ ಮನೆ ಈ ತಾಲ್ಲೂಕಿನಲ್ಲಿ ಎಷ್ಟಿದ್ದಾವು? ಆಡಲು ತಂದದ್ದನ್ನು ನೋಡಲು ಇಡುವುದು ನಮ್ಮ ಜನರಿಗೆ ಅಂಟಿದ ಜಾಡ್ಯ.

ಅಡಿಗೆ ಸೋಡದ ವೈದ್ಯ

ಕಳೆದ ಯುಗಾದಿಗೆ ಸುಣ್ಣ ಬಳಿಯುವಾಗ ಷೋಕೇಸು ಖಾಲಿಯಾಯಿತು. ಸಾಹುಕಾರರು ಕಾರು ತಿರುಗಿಸಿ ಹೊಟ್ಟೆಯ ಮುಚ್ಚಳ ತೆಗೆದರು. ಹಳೇ ಶೆಲ್ಲುಗಳು ಒಳಗೇ ಇದ್ದವು. ಒಡೆದು, ಸೋರಿ, ಬಿಳಿ ಹಸಿರು ಕಿಲುಬು ಕಟ್ಟಿ, ಸ್ಪ್ರಿಂಗುಗಳನ್ನು ತಿಂದುಹಾಕಿದ್ದವು.

ಮಾರನೇ ದಿನ ಕಾರು ಟವಲಿನಲ್ಲಿ ಸುತ್ತಿಕೊಂಡು ಹೋದದ್ದು ಗಲ್ಲಿಯೊಳಗಿನ ಹಳೇ ರೇಡಿಯೋ ರಿಪೇರಿ ಅಂಗಡಿಗೆ. ವಾಲ್ವ್ ರೇಡಿಯೋ ಕಾಲದಿಂದ ಸಾಲ್ಡ್ರಿಂಗ್ ಕಡ್ಡಿ ಹಿಡಿದ ಮೆಕ್ಯಾನಿಕ್ಕು. ರೇಡಿಯೋ ಇಡಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟುತ್ತಿದ್ದ ದಿನಗಳನ್ನು ನೋಡಿದವರು. ಈಗ ಮಿಕ್ಸಿ, ಟೀವಿ ರಿಮೋಟು, ಮಸೀದಿ ದೇವಸ್ಥಾನಗಳ ಮೈಕ್ ಸೆಟ್ಟು ರಿಪೇರಿಯಲ್ಲಿ ದಿನ ದೂಡುತ್ತಿದ್ದಾರೆ. ಕೆಲಸ ಕಲಿಯಲು ಹುಡುಗರು ಬರುವುದು ನಿಂತು ವರ್ಷಗಳಾದವು.

ಅಡಿಗೆ ಸೋಡ ಕಲಸಿದ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು. ಆ ಕಾಲದ ಶೆಲ್ಲು ಸೋರಿದರೆ ಹುಳಿ ಗುಣ, ಅದಕ್ಕೆ ಸೋಡ. ಈಗಿನ ಆಲ್ಕಲೈನ್ ಶೆಲ್ಲು ಸೋರಿದರೆ ಉಲ್ಟಾ, ಅದಕ್ಕೆ ನಿಂಬೆರಸ ಅಥವಾ ವಿನಿಗರ್. ಮೆಕ್ಯಾನಿಕ್ಕು ಕಿಲುಬು ಉಜ್ಜಿ, ಹೊಸ ಸ್ಪ್ರಿಂಗು ಹಾಕಿ, ಒಣಗಿದ್ದ ಎರಡು ಕಂಡೆನ್ಸರ್ ಬದಲಾಯಿಸಿ, ಸ್ವಿಚ್ ಒತ್ತಿದರು. ಮೋಟರು ಕೊಂಯ್ ಅಂದಿತು. ಸಾಹುಕಾರರ ಮುಖ ಅರಳಿತು. ಕಾರು ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

"ಜೀವ ಐತೆ ಅಣ್ಣಾ, ಕಾಲಿಲ್ಲ" ಅಂದರು ಮೆಕ್ಯಾನಿಕ್ಕು. ಬೇರಿಂಗ್ ಗಾತ್ರದ ಪ್ಲಾಸ್ಟಿಕ್ ಗೇರು ಬಿರುಕು ಬಿಟ್ಟು ಅಚ್ಚಿನ ಮೇಲೆ ಸುಮ್ಮನೆ ತಿರುಗುತ್ತಿತ್ತು. ಅಂಟು ಹಾಕಿದರು, ಬಿಟ್ಟಿತು. ಟೇಪ್ ರೆಕಾರ್ಡರ್ ಗೇರು ಹುಡುಕಿದರು, ಹಲ್ಲು ಕೂಡಲಿಲ್ಲ. ಹೊಸ ಗೇರು ಎಲ್ಲೂ ಸಿಗಲಿಲ್ಲ. ಒಂದೂವರೆ ಗ್ರಾಮು ತೂಗದ ಸಾಮಾನಿಗೆ ಕಾರು ಸತ್ತಿತು.

ಡಬ್ಬಿ ಕಾರು, ಬಿಡಿಭಾಗದ ಕಾರು

ರಿಮೋಟ್ ಕಾರಿನಲ್ಲಿ ಎರಡು ಜಾತಿ ಇದೆ ಅನ್ನುವುದು ಸಾಹುಕಾರರಿಗೆ ತಿಳಿದದ್ದು ಆಗಲೇ. ಒಂದು, ಡಬ್ಬಿಯಲ್ಲಿ ಬಂದು, ಕೆಟ್ಟರೆ ಕಸಕ್ಕೆ ಹೋಗುವುದು. ಇನ್ನೊಂದು, ಸ್ಕ್ರೂ ಸಮೇತ ಪ್ರತಿ ಭಾಗವೂ ಬೇರೆಯಾಗಿ ಸಿಗುವುದು. ಬಜಾಜ್ ಸ್ಕೂಟರಿಗೆ ಹೇಗೆ ಕೇಬಲ್ಲು, ಕ್ಲಚ್ ಪ್ಲೇಟು ಸಿಗುತ್ತಿತ್ತೋ ಹಾಗೆ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಅನ್ನುವ ಕಾರಿನ ಬಿಡಿಭಾಗಗಳನ್ನು ಡಬ್ಬಿಯಲ್ಲಿ ಹಾಕಿ, ನೀವೇ ಕಟ್ಟಿಕೊಳ್ಳಿ ಅಂತ ಮಾರಿತು. 1984ರಲ್ಲಿ ಗ್ರಾಸ್‌ಹಾಪರ್, ಹಾರ್ನೆಟ್ ಬಂದವು. ಅಂದು ಅವನ್ನು ಕಟ್ಟಿದ ಮಕ್ಕಳೇ ಇಂದು ನರೆಗೂದಲಿನವರಾಗಿ ಮತ್ತೆ ಕೊಳ್ಳುತ್ತಿರುವುದರಿಂದ ಕಂಪನಿ ಹಳೇ ಮಾಡೆಲ್ಲುಗಳನ್ನು ಮತ್ತೆ ಹೊರಡಿಸಿದೆ. ಮರಳಿ ಬರುವವರ ಕಾಯಿಲೆ ಚಿಂತಾಮಣಿಯೊಂದರದ್ದೇ ಅಲ್ಲ.

ಸಾಹುಕಾರರು ಕೊಂಡದ್ದು ಓಟದ ಕಾರಲ್ಲ, ಬಂಡೆ ಹತ್ತುವ ಕ್ರಾಲರು. ಬೆಂಗಳೂರಿನಲ್ಲಿ ಯಾರೋ ಆಡಿ ಬಿಟ್ಟ ಸೆಕೆಂಡ್ ಹ್ಯಾಂಡು. ಹೊಸದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆಟದ ಸಾಮಾನಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ನಮ್ಮ ದೇಶದ ಕಾರ್ಖಾನೆಗಳಿಗೆ ಒಳ್ಳೆಯದಾಗಲಿ ಅಂತ ಹಾಕಿದ್ದು, ಸರಿ. ಆದರೆ ಇಂಥ ಕಾರು ಇನ್ನೂ ದುಡ್ಡಿದ್ದವರ ಆಟವಾಗಿಯೇ ಉಳಿದಿದೆ ಅನ್ನುವುದೂ ಸರಿ.

ಕ್ರಾಲರಿನ ಗುಟ್ಟು ವೇಗದಲ್ಲಿಲ್ಲ. ಮನುಷ್ಯ ನಡೆದಷ್ಟೂ ಓಡುವುದಿಲ್ಲ. ಮಾಮೂಲಿ ಕಾರಿನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೆ ಶಕ್ತಿಯೆಲ್ಲ ಆ ಚಕ್ರಕ್ಕೇ ಹೋಗಿ ಬರೀ ಸುತ್ತುತ್ತದೆ. ಮಳೆಗಾಲದಲ್ಲಿ ಕೆಸರಿಗೆ ಬಿದ್ದ ಬಸ್ಸಿನಲ್ಲಿ ಕೂತವರಿಗೆಲ್ಲ ಇದು ಗೊತ್ತು. ಕ್ರಾಲರಿನಲ್ಲಿ ಎಡ ಬಲ ಚಕ್ರಗಳನ್ನು ಒಂದೇ ಅಚ್ಚಿಗೆ ಬಿಗಿದಿರುತ್ತಾರೆ. ಒಂದು ಮೇಲಿದ್ದರೂ ಇನ್ನೊಂದು ಕಚ್ಚಿ ಎಳೆಯುತ್ತದೆ. ಟೈರಿನೊಳಗೆ ಗಾಳಿ ಇಲ್ಲ, ಮೆತ್ತನೆ ಸ್ಪಂಜು. ಬಂಡೆಯ ಉಬ್ಬು ತಗ್ಗಿಗೆ ತಕ್ಕಂತೆ ಅಮುಕಿ ಕೂರುತ್ತದೆ.

ಅದಕ್ಕೆ ತಕ್ಕ ಬಂಡೆ ಬೇಕಲ್ಲ? "ಸಿಟಿಯೋರು ಕಲ್ಲು ಸಿಮೆಂಟು ತರಿಸಿ ಗುಡ್ಡ ಕಟ್ಕೊಂಡು ಆಡ್ತಾರೆ. ನಮಗೆ ದೇವರೇ ಕಟ್ಕೊಟ್ಟವ್ನೆ" ಅನ್ನುತ್ತಾರೆ ಸಾಹುಕಾರರು. ಟಿಪ್ಪು ಕಾಲದ ಕೋಟೆಯ ಅಂಬಾಜಿದುರ್ಗ, ಮಗ್ಗುಲಲ್ಲಿ ಕಲ್ಲು ಕೊರೆದ ಗುಹೆಗಳ ಕೈಲಾಸಗಿರಿ. ಎಲ್ಲಿ ನೋಡಿದರೂ ಒರಟು ಗ್ರಾನೈಟು. ಭಕ್ತರು ಓಡಾಡುವ ಕಡೆ ಕಾರು ಬಿಡುವುದಿಲ್ಲ, ಕೋಟೆ ಗೋಡೆಗೂ ಹತ್ತಿಸುವುದಿಲ್ಲ ಅನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ಕಾನೂನು.

ಬಣ್ಣದ ಬಾವುಟ ಹೋಯಿತು

ರೇಡಿಯೋದಲ್ಲೂ ಕಾಲ ಬದಲಾಗಿದೆ. ಹಳೇ ಕೆಂಪು ಕಾರು ಕೆಲಸ ಮಾಡುತ್ತಿದ್ದುದು 27 ಮೆಗಾಹರ್ಟ್ಸ್ ತರಂಗದಲ್ಲಿ. ಅದರಲ್ಲಿ ಇದ್ದದ್ದು ಆರು ಮನೆ, ಒಂದೊಂದಕ್ಕೆ ಒಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ವಿದೇಶದ ಮೈದಾನಗಳಲ್ಲಿ ಆಂಟೆನಾಕ್ಕೆ ಆ ಬಣ್ಣದ ಬಾವುಟ ಕಟ್ಟುತ್ತಿದ್ದರು. ಒಂದೇ ಬಣ್ಣದವರು ಇಬ್ಬರು ಬಂದರೆ ಇವನ ಡಬ್ಬಿಗೆ ಅವನ ಕಾರು ಓಡುತ್ತಿತ್ತು, ಜಗಳ ಶುರುವಾಗುತ್ತಿತ್ತು.

ಅಂದ ಹಾಗೆ, ನಮ್ಮ ಗೌರಿಬಿದನೂರಿನ ಬಳಿ ಆಕಾಶದ ರೇಡಿಯೋ ಅಲೆ ಹಿಡಿಯಲು 1970ರ ದಶಕದಲ್ಲಿ ಟಿ ಆಕಾರದಲ್ಲಿ ನೆಟ್ಟ ಸಾವಿರ ಆಂಟೆನಾಗಳ ದೂರದರ್ಶಕ ಆಲಿಸುತ್ತಿದ್ದುದು 34.5 ಮೆಗಾಹರ್ಟ್ಸ್. ಆಟದ ಕಾರಿಗೆ ಅದು ಪಕ್ಕದ ಬೀದಿಯಿದ್ದಂತೆ. ನಕ್ಷತ್ರ ಮಾತಾಡುವ ಬೀದಿಯ ಮಗ್ಗುಲಲ್ಲೇ ನಮ್ಮ ಹುಡುಗರ ಕಾರೂ ಓಡುತ್ತಿತ್ತು ಅಂದರೆ ತಮಾಷೆಯಲ್ಲವೇ?

ಹೊಸ ಕಾರುಗಳು 2.4 ಗಿಗಾಹರ್ಟ್ಸ್‌ನವು. 2005ರಲ್ಲಿ ಸರ್ಕಾರ ಅದಕ್ಕೆ ಲೈಸೆನ್ಸ್ ಬೇಡ ಅಂದಿತು. ಡಬ್ಬಿ ತನ್ನ ಕಾರನ್ನು ಒಮ್ಮೆ ಗುರುತು ಮಾಡಿಕೊಂಡರೆ ಬೇರೆಯವರ ಮಾತು ಕಾರು ಕೇಳುವುದಿಲ್ಲ. ಹಳೇ ಕಾರಿಗೆ ಎಡ ಅಂದರೆ ಪೂರಾ ಎಡ, ಬಲ ಅಂದರೆ ಪೂರಾ ಬಲ. ಈಗ ಹಾಗಲ್ಲ. ಚಕ್ರ ತಿರುಗಿಸುವ ಸರ್ವೋ ಎಂಬ ಪುಟ್ಟ ಮೋಟರಿಗೆ ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಬರುತ್ತದೆ. ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದೂವರೆ ಪಾಲು ಉದ್ದದ ಮಿಡಿತವಾದರೆ ಚಕ್ರ ನೆಟ್ಟಗೆ, ಒಂದು ಪಾಲಾದರೆ ಒಂದು ಕಡೆ, ಎರಡಾದರೆ ಇನ್ನೊಂದು ಕಡೆ. ನಡುವೆ ಎಷ್ಟು ಬೇಕೋ ಅಷ್ಟು. ಮೆಕ್ಯಾನಿಕ್ಕು ಇದನ್ನು ಮೀಟರಿನಲ್ಲಿ ನೋಡಿ ಮಗುವಿನ ಹಾಗೆ ಖುಷಿಪಟ್ಟರಂತೆ.

ಮನೆಯವರ ಒಂದೇ ತಕರಾರು

"ಸಿಗರೇಟಿಲ್ಲ, ಇಸ್ಪೀಟಿಲ್ಲ, ಇದೊಂದು ಇರ್ಲಿ ಅಂತ ಸುಮ್ನಿದ್ದೀನಿ. ಅಡಿಗೆಮನೆ ಕಟ್ಟೆ ಮೇಲೆ ಬ್ಯಾಟ್ರಿ ಚಾರ್ಜಿಗಿಟ್ರೆ ಮಾತ್ರ ಸುಮ್ನಿರಲ್ಲ" ಅನ್ನುತ್ತಾರೆ ಸಾಹುಕಾರರ ಮನೆಯವರು. ಅವರ ಮಾತು ಅಕ್ಷರಶಃ ಸರಿ. ಈ ಕಾರುಗಳಿಗೆ ಈಗ ಹಾಕುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಹಗುರ, ಶಕ್ತಿ ಜಾಸ್ತಿ, ಕೋಪವೂ ಜಾಸ್ತಿ. ಒಂದು ಶೆಲ್ಲು 4.2 ವೋಲ್ಟ್ ಮೀರಬಾರದು, 3 ವೋಲ್ಟ್‌ಗಿಂತ ಇಳಿಯಬಾರದು. ಆಡದೆ ಇಡುವಾಗ 3.8ರ ಹತ್ತಿರ ನಿಲ್ಲಿಸಬೇಕು. ಹೊಟ್ಟೆ ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ. ರಾತ್ರಿ ಚಾರ್ಜಿಗಿಟ್ಟು ಮಲಗುವುದಂತೂ ಕೂಡದು. ಸಾಹುಕಾರರು ಈಗ ಹಿತ್ತಲಿನ ಕಲ್ಲಿನ ಮೇಲೆ ತಗಡಿನ ಪೆಟ್ಟಿಗೆ ಇಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಾರೆ.

ಫ್ಯಾನ್ಸಿ ಸ್ಟೋರಿನವರೂ ಒಂದು ಮಾತು ಕೇಳಿಸಿಕೊಳ್ಳಬೇಕು. 14 ವರ್ಷದೊಳಗಿನ ಮಕ್ಕಳ ಆಟದ ಸಾಮಾನಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಬಿಲ್ಲಿಲ್ಲದೆ ಮೂಟೆಯಲ್ಲಿ ಬರುವ ರಿಮೋಟ್ ಕಾರು ಅಗ್ಗ ಅಂತ ತಂದು ತೂಗುಹಾಕಿದರೆ, ಬೆಂಕಿಯ ಭಯ ಗಿರಾಕಿಗೆ, ಕೇಸಿನ ಭಯ ಅಂಗಡಿಯವರಿಗೆ.

ಜಗಲಿಯ ಮೇಲಿನ ಮಾತು

ಪೇಟೆಯಲ್ಲಿ ನಗುವವರು ನಗುತ್ತಿದ್ದಾರೆ. "ಮೊಮ್ಮಗನಿಗಾ ಅಣ್ಣಾ?" ಅಂತ ಕೇಳುತ್ತಾರೆ. ಸಾಹುಕಾರರು ಮೊದಮೊದಲು ಹೂಂ ಅನ್ನುತ್ತಿದ್ದರು. ಈಗ "ಇಲ್ಲ, ನಂದೇ" ಅನ್ನುತ್ತಾರೆ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಕಿವಿ ಮಂದ, ಜಗಲಿ ಮೇಲೆ ಕೂತಿರುತ್ತಾರೆ. ಕೆಂಪು ಕಾರಿನ ಗೇರು ಸಿಗಲಿಲ್ಲ ಅಂತ ಗೊತ್ತಾದ ದಿನ ಮಗ ಅದನ್ನು ಅವರ ಮುಂದಿಟ್ಟ. ಮುದುಕರು ಬಹಳ ಹೊತ್ತು ಕಾರಿನ ಹೊಟ್ಟೆಯನ್ನೇ ನೋಡಿದರು. ಕಿಲುಬಿನ ಕಲೆಯ ಮೇಲೆ ಬೆರಳಾಡಿಸಿದರು.

"ಶೆಲ್ಲು ತೆಗ್ದಿಡ್ಬೇಕಾಗಿತ್ತು ಕಣೋ. ನಂಗ್ ತಿಳೀಲಿಲ್ಲ" ಅಂದರು.

ಮಗ ಏನೂ ಹೇಳಲಿಲ್ಲ. ಕಾರು ಈಗ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಇದೆ, ಗಾಜಿನ ಹಿಂದೆ ಅಲ್ಲ. ಬೆಲ್ಲ ಕೊಳ್ಳಲು ಬರುವ ಮಕ್ಕಳು ಎತ್ತಿ ನೋಡುತ್ತಾರೆ, ನೆಲದ ಮೇಲೆ ತಳ್ಳುತ್ತಾರೆ. ತಳ್ಳಿದರೆ ಓಡುತ್ತದೆ.

ಕುರಿ ಹೋದವು

ಇತ್ತ ಅಂಬಾಜಿದುರ್ಗದ ಬುಡದಲ್ಲಿ ಕುರಿ ಹುಡುಗ ಅರ್ಧ ಗಂಟೆ ಹಿಂದೆ ಹಿಂದೆಯೇ ಸುತ್ತಿದ. ಕೊನೆಗೆ ಬಾಯಿಬಿಟ್ಟ. "ಅಣ್ಣಾ, ಒಂದ್ಸಲ ಕೊಡ್ತೀರಾ?"

ಸಾಹುಕಾರರು ಡಬ್ಬಿಯನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿದರು. ಕೊಟ್ಟರು. "ಮೆಲ್ಲಗೆ... ಮೆಲ್ಲಗೆ ಕಣೋ..." ಅನ್ನುತ್ತಾ ಕೈ ಎರಡು ಸಲ ಡಬ್ಬಿಯ ಕಡೆ ಹೋಗಿ ವಾಪಸ್ಸು ಬಂತು. ಮೂರನೇ ಸಲ ಪಂಚೆ ಸರಿಮಾಡಿಕೊಳ್ಳುವವರ ಹಾಗೆ ಸೊಂಟಕ್ಕೆ ಇಟ್ಟುಕೊಂಡರು. ಹುಡುಗ ಜೀಪನ್ನು ಎದೆಮಟ್ಟದ ಬಂಡೆಗೆ ಹತ್ತಿಸಿದ. ತುದಿ ಮುಟ್ಟಿತು, ವಾಲಿತು, ಮೂರು ಪಲ್ಟಿ ಹೊಡೆದು ಕೆಳಗೆ ಬಿತ್ತು. ಸ್ಟೇರಿಂಗ್ ಕಡ್ಡಿ ಕಳಚಿ ಒಂದು ಚಕ್ರ ಅಡ್ಡ ತಿರುಗಿತು.

ಹುಡುಗ ಬಿಳಿಚಿಕೊಂಡ. "ನಾನ್ ಬೇಕಂತ ಮಾಡ್ಲಿಲ್ಲಣ್ಣಾ..."

"ಏನಾಗಿಲ್ಲ ಬಾರೋ, ಸ್ಕ್ರೂ ಬಿದ್ದೈತೆ ಅಷ್ಟೇ. ಹುಡುಕು."

ಇಬ್ಬರೂ ಮೊಣಕಾಲೂರಿ ಕಲ್ಲು ಸಂದಿಗಳಲ್ಲಿ ಕಡಲೆಕಾಯಿ ಬೀಜದಷ್ಟೂ ಇಲ್ಲದ ಸ್ಕ್ರೂ ಹುಡುಕಿದರು. ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು. ಅಷ್ಟರಲ್ಲಿ ಕುರಿಗಳು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದ್ದವು. ತೋಟದವರು ಬಂದು ಬೈದದ್ದರಲ್ಲಿ ಹುಡುಗನಿಗೆಷ್ಟೋ ಸಾಹುಕಾರರಿಗೂ ಅಷ್ಟೇ ಪಾಲು.