ಸರ್ವೀಸ್ ವೈರ್ ಮತ್ತು ಮಳೆನೀರು: ಗೃಹ ವಿದ್ಯುತ್ ಪಾಠಕ್ಕೊಂದು ಪೂರಕ ಚಟುವಟಿಕೆ

10ನೇ ತರಗತಿಯಲ್ಲಿ ಗೃಹಬಳಕೆಯ ವಿದ್ಯುತ್ ಮಂಡಲವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಮೀಟರ್ ಬೋರ್ಡಿನಿಂದ ಆರಂಭಿಸುತ್ತೇವೆ. ಕಂಬದಿಂದ ಮೀಟರಿನವರೆಗಿನ ಭಾಗ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೊಂದರೆ ಹಲವು ಬಾರಿ ಶುರುವಾಗುವುದು ಈ ಭಾಗದಲ್ಲೇ. ಸರ್ವೀಸ್ ವೈರ್ ಗೋಡೆ ಹೊಗುವ ಜಾಗದಿಂದ ನೀರು ಬಂದರೆ ಮೀಟರಿನ ಟರ್ಮಿನಲ್‌ಗಳಿಗೆ ಕಿಲುಬು ಹಿಡಿದು, ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತವೆ. ತಂತಿಯ ಹೊದಿಕೆ ಬಿರಿದಿದ್ದರೆ ಒದ್ದೆ ಗೋಡೆಯನ್ನು ಮುಟ್ಟಿದವರಿಗೂ ಶಾಕ್ ತಗಲಬಹುದು.

ನೀರು ಒಳಬರುವ ಬಗೆ

ರಂಧ್ರ ಸೂರಿನಡಿ ಇದ್ದರೂ ಒಳಗೆ ನೀರು ಬರುವುದುಂಟು. ಮಳೆಹನಿ ತಂತಿಯ ಮೈಗೆ ಅಂಟಿಕೊಂಡು ಇಳಿಜಾರಿನತ್ತ ಹರಿಯುತ್ತದೆ. ಕಂಬದ ಕಡೆ ಎತ್ತರ, ಗೋಡೆಯ ಕಡೆ ತಗ್ಗು ಇದ್ದರೆ ತಂತಿಯೇ ನೀರಿಗೆ ದಾರಿ. ಆದ್ದರಿಂದ ಮೊದಲ ಪರಿಹಾರ ತಂತಿಯ ಆಕಾರದಲ್ಲಿದೆ:

1. ತಂತಿ ರಂಧ್ರದ ಮಟ್ಟಕ್ಕಿಂತ ಕೆಳಗಿಳಿದು, ಮತ್ತೆ ಮೇಲೇರಿ ಒಳಹೋಗಬೇಕು. ಈ ಬಾಗನ್ನು ‘ಜೋಲು’ ಎನ್ನೋಣ. ನೀರು ಜೋಲಿನ ತಳದಲ್ಲೇ ತೊಟ್ಟಿಕ್ಕುತ್ತದೆ.
2. ಛಾವಣಿಯ ಮೇಲಿನ ಜಿ.ಐ. ಪೈಪಿನ ತುದಿ ಊರುಗೋಲಿನ ಹಿಡಿಯಂತೆ ಬಾಗಿ, ಬಾಯಿ ಕೆಳಮುಖವಾಗಿರಬೇಕು.
3. ಗೋಡೆಯ ರಂಧ್ರ ಹೊರಗಡೆಗೆ ಇಳಿಜಾರಾಗಿರಬೇಕು.
4. ಕೊನೆಯದಾಗಿ ತಂತಿಯ ಸುತ್ತಲಿನ ಸಂದನ್ನು ಸೀಲಿಂಗ್ ಪದಾರ್ಥದಿಂದ ಮುಚ್ಚಬೇಕು. ಬಿಸಿಲು ಮಳೆಗೆ ಅದು ಬಿರಿಯುತ್ತದೆ, ಅದೊಂದನ್ನೇ ನಂಬುವಂತಿಲ್ಲ.

ತರಗತಿಯ ಚಟುವಟಿಕೆ

ಬೇಕಾದ ಸಾಮಗ್ರಿ: ಪಕ್ಕದಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ, ಒಂದು ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಂತಿ, ಅಷ್ಟೇ ಉದ್ದದ ಹತ್ತಿಯ ದಾರ, ಹಳೆಯ ಪತ್ರಿಕೆ, ಶಾಯಿ ಬೆರೆಸಿದ ನೀರು. ಯಾವುದನ್ನೂ ವಿದ್ಯುತ್ತಿಗೆ ಜೋಡಿಸಬಾರದು.

ಡಬ್ಬಿಯೊಳಗೆ ಪತ್ರಿಕೆಯ ತುಂಡು ಹಾಸಿ. ತಂತಿಯ ಒಂದು ತುದಿಯನ್ನು ಎತ್ತರದಲ್ಲಿ ಕಟ್ಟಿ, ಇನ್ನೊಂದನ್ನು ನೇರವಾಗಿ ತೂತಿನೊಳಗೆ ತೂರಿಸಿ. ಮೇಲ್ತುದಿಯಲ್ಲಿ ನೀರನ್ನು ಹನಿಹನಿಯಾಗಿ ಬಿಡಿ. ಪತ್ರಿಕೆ ಬಣ್ಣ ಹಿಡಿಯುತ್ತದೆ. ಪತ್ರಿಕೆ ಬದಲಿಸಿ, ತಂತಿಗೆ ಜೋಲು ಬಿಟ್ಟು ಪುನಃ ಮಾಡಿ. ಮಾಡುವ ಮೊದಲು “ಈಗ ನೀರು ಎಲ್ಲಿ ಬೀಳುತ್ತದೆ?” ಎಂದು ಕೇಳಿ, ಮಕ್ಕಳ ಊಹೆಗಳನ್ನು ಹಲಗೆಯ ಮೇಲೆ ಬರೆಯಿರಿ.

ಮೂರನೆಯ ಸಲ ತಂತಿಯ ಬದಲು ಹತ್ತಿಯ ದಾರ ಬಳಸಿ, ಜೋಲನ್ನು ಬಹಳ ಚಿಕ್ಕದಾಗಿಡಿ. ದೀಪದ ಬತ್ತಿ ಎಣ್ಣೆ ಹೀರುವಂತೆ ದಾರ ನೀರನ್ನು ಸ್ವಲ್ಪ ಮೇಲಕ್ಕೂ ಎಳೆಯುತ್ತದೆ. ಹೊದಿಕೆ ಬಿರಿದ ಎಳೆತಂತಿಯೊಳಗೂ ನೀರು ಹೀಗೆಯೇ ಹಬ್ಬಬಲ್ಲದು ಎಂಬುದಕ್ಕೆ ಇದನ್ನು ಜೋಡಿಸಬಹುದು.

ತಿದ್ದಬೇಕಾದ ಒಂದು ಕಲ್ಪನೆ

“ಮೇನ್ ಸ್ವಿಚ್ ಆಫ್ ಮಾಡಿದರೆ ಎಲ್ಲವೂ ಸುರಕ್ಷಿತ” ಎಂಬ ಉತ್ತರ ಮಕ್ಕಳಿಂದ ಬಂದೇ ಬರುತ್ತದೆ. ಆಗ ಹಲಗೆಯ ಮೇಲೆ ಕ್ರಮವಾಗಿ ಕಂಬ, ಸರ್ವೀಸ್ ವೈರ್, ಮೀಟರ್, ಮೇನ್ ಸ್ವಿಚ್ ಬರೆದು, ಸ್ವಿಚ್ ತೆರೆದಾಗ ಯಾವ ಭಾಗದಲ್ಲಿ ವಿದ್ಯುತ್ ಉಳಿಯುತ್ತದೆ ಎಂದು ಬಣ್ಣದ ಸೀಮೆಸುಣ್ಣದಿಂದ ಗುರುತಿಸಲು ಹೇಳಿ. ಸ್ವಿಚ್ಚಿಗಿಂತ ಹಿಂದಿನ ಸರ್ವೀಸ್ ವೈರಿನಲ್ಲಿ 220 ವೋಲ್ಟ್ ಹಾಗೆಯೇ ಇರುತ್ತದೆ. ಈ ಪಾಠದಿಂದ ಮಗು ಮನೆಗೆ ಒಯ್ಯಲೇಬೇಕಾದ ತಿಳಿವಳಿಕೆ ಇದು. ಜೋಲಿನ ಪ್ರಯೋಗ ನೋಡಿದ ಉತ್ಸಾಹದಲ್ಲಿ ಏಣಿ ಹಾಕಿ ತಂತಿ ಸರಿಪಡಿಸಲು ಯಾರೂ ಹೊರಡಬಾರದು.

ಮನೆಗೆಲಸ

ಮಳೆಯಿಲ್ಲದ ಹೊತ್ತಿನಲ್ಲಿ, ಅಂಗಳದಲ್ಲಿ ನಿಂತು, ಏನನ್ನೂ ಮುಟ್ಟದೆ ತಮ್ಮ ಮನೆಯ ಸರ್ವೀಸ್ ವೈರ್ ಗೋಡೆ ಸೇರುವ ಚಿತ್ರ ಬರೆದು ತರಲಿ. ಜೋಲು ಇದೆಯೇ? ಪೈಪಿನ ಬಾಯಿ ಎತ್ತ ಮುಖ ಮಾಡಿದೆ? ಮೀಟರಿನ ಸುತ್ತ ನೀರಿನ ಕಲೆ ಇದೆಯೇ? ದೋಷ ಕಂಡರೆ ಮನೆಯ ಹಿರಿಯರಿಗೆ ತಿಳಿಸಲಿ. ಹಿರಿಯರು ಲೈನ್‌ಮನ್‌ಗೆ ಹೇಳಲಿ ಅಥವಾ 1912ಕ್ಕೆ ಕರೆ ಮಾಡಲಿ. ಜೂನ್‌ಗೆ ಮೊದಲು ಈ ಪಾಠ ಬರುವಂತಿಲ್ಲವಾದ್ದರಿಂದ, ಶಾಲೆ ತೆರೆದ ಮೊದಲ ವಾರದಲ್ಲೇ ವಿಜ್ಞಾನ ಸಂಘದ ಚಟುವಟಿಕೆಯಾಗಿ ಇದನ್ನು ನಡೆಸುವುದು ಒಳ್ಳೆಯದು.